ಸೆರಗು ಹರಡಿದರೆ ಶಿಲ್ಪ ಮರೆಯಾದೀತೇ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಮೊಮ್ಮಗಳೊಂದಿಗೆ ಬಳ್ಳಿಗಾವಿಯ ತ್ರಿಪುರಾಂತಕ ದೇವಾಲಯಕ್ಕೆ ಹೋಗಿದ್ದೆ. ಅದೇ ಹೊತ್ತಿಗೆ ಶಾಲಾ ಪ್ರವಾಸದ ಬಸ್ಸೊಂದು ಬಂದು ನಿಂತಿತು. ಹೊರಗೋಡೆಯ ಕಿರುಪಟ್ಟಿಕೆಗಳಲ್ಲಿ ಪಂಚತಂತ್ರದ ಪ್ರಾಣಿಗಳನ್ನು ಗುರುತಿಸುತ್ತಾ ಬಂದ ಮಕ್ಕಳು ಕಾಮಶಿಲ್ಪಗಳ ಹತ್ತಿರ ಬರುತ್ತಿದ್ದಂತೆ ಶಿಕ್ಷಕಿಯೊಬ್ಬರು ಓಡಿಬಂದರು. ಗೋಡೆಗೆ ಬೆನ್ನು ಕೊಟ್ಟು ಸೆರಗು ಹರಡಿ ನಿಂತರು. ಸುಮ್ಮನಿದ್ದಿದ್ದರೆ ಅಷ್ಟು ಚಿಕ್ಕ ಕೆತ್ತನೆಗಳನ್ನು ಮಕ್ಕಳು ಗಮನಿಸದೆಯೇ ದಾಟುತ್ತಿದ್ದರೇನೋ. ಈಗ ಇಡೀ ತರಗತಿಯೇ ಇಣುಕತೊಡಗಿತು. "ಮಿಸ್, ನಿಮ್ಮ ಹಿಂದೆ ಏನಿದೆ?" ಎಂದು ಒಬ್ಬಳು ಕೇಳಿಯೇಬಿಟ್ಟಳು. "ಏನೂ ಇಲ್ಲ, ನಡಿ, ಊಟಕ್ಕೆ ಹೊತ್ತಾಯಿತು."

ನಗುವ ಹಕ್ಕು ನನಗಿಲ್ಲ. ಶಿಕ್ಷಕಿಯಾಗಿದ್ದಷ್ಟು ಕಾಲ ನಾನೂ ಮಾಡಿದ್ದು ಇದನ್ನೇ. ಬೇಲೂರಿನಲ್ಲಿ ಮದನಿಕೆಯ ಸೀರೆ ಎಳೆಯುವ ಮಂಗನನ್ನು ತೋರಿಸಿ ಮಕ್ಕಳನ್ನು ನಗಿಸುತ್ತಿದ್ದೆ. ಎಲ್ಲಾದರೂ ಮೈಮರೆತ ಜೋಡಿ ಕಂಡರೆ ಮಾತ್ರ ನನ್ನ ಹೆಜ್ಜೆ ಬಿರುಸಾಗುತ್ತಿತ್ತು.

ನಿವೃತ್ತಿಯ ನಂತರ ನಿಧಾನವಾಗಿ ನೋಡುವುದನ್ನು ಕಲಿತೆ. ಬಾದಾಮಿಯ ಮೂರನೆಯ ಗುಹೆಯ ಶಾಸನ 578ರದು. ವಿಷ್ಣುವಿಗೆ ಮೀಸಲಾದ ಆ ಗುಹೆಯ ಕಂಬಗಳ ನೆತ್ತಿಯಲ್ಲಿ, ಮರದ ಕೆಳಗೆ ಒಬ್ಬರಿಗೊಬ್ಬರು ಒರಗಿ ನಿಂತ ಜೋಡಿಗಳಿವೆ. ವರಾಹಮಿಹಿರನ ಹಳೆಯ ಸಂಸ್ಕೃತ ಗ್ರಂಥ ಬೃಹತ್ಸಂಹಿತೆಯು ದೇಗುಲದ ಬಾಗಿಲವಾಡಕ್ಕೆ ಹೇಳುವ ಅಲಂಕಾರಗಳಲ್ಲಿ ಸ್ವಸ್ತಿಕ, ಕಲಶ, ಎಲೆಬಳ್ಳಿಗಳ ಸಾಲಿನಲ್ಲೇ ಮಿಥುನವೂ, ಅಂದರೆ ಗಂಡು ಹೆಣ್ಣಿನ ಜೋಡಿಯೂ, ಸೇರಿದೆ. ನಾವು ಇಂದಿಗೂ ಬಾಗಿಲಲ್ಲಿ ಕಲಶ ಇಡುತ್ತೇವೆ. ಅದರ ಪಕ್ಕದಲ್ಲಿದ್ದ ಜೋಡಿಯನ್ನು ಮಾತ್ರ ಹೊರಗೆ ಕಳುಹಿಸಿದ್ದೇವೆ.

ಬಳ್ಳಿಗಾವಿಯ ಪಟ್ಟಿಕೆಯಲ್ಲಿರುವುದು ಬರೀ ಒರಗಿ ನಿಂತ ಜೋಡಿಯಲ್ಲ, ನಿಜ. ತಂತ್ರಸಾಧನೆ ಎನ್ನುವವರಿದ್ದಾರೆ, ಸಿಡಿಲು ಬಡಿಯದಿರಲೆಂದು ಕೆತ್ತಿದರು ಎನ್ನುವವರೂ ಇದ್ದಾರೆ. ಸಿಡಿಲಿನ ಕಥೆ ನನಗೆ ಒಪ್ಪಿಗೆಯಿಲ್ಲ; ಹೇಳಲು ನಾಚಿದ ಯಾರೋ ಹಿರಿಯರು ಕಟ್ಟಿದ ಮಾತಿರಬೇಕು! ಕಾಮವನ್ನು ಪುರುಷಾರ್ಥಗಳಲ್ಲಿ ಒಂದೆಂದು ಎಣಿಸಿದ ಜನ ಅದನ್ನು ಗೋಡೆಯ ಮೇಲೂ ಇಟ್ಟರು ಎಂಬುದೇ ನನಗೆ ಸರಳವಾಗಿ ಕಾಣುತ್ತದೆ. ಹಾಗೆಂದು, ಅದನ್ನೇ ಕೋಲಿನಿಂದ ತೋರಿಸಿ ಕಣ್ಣು ಮಿಟುಕಿಸುವ ಮಾರ್ಗದರ್ಶಿಗಳನ್ನು ಕಂಡರೂ ನನಗೆ ಆಗುವುದಿಲ್ಲ.

ಡಿಸೆಂಬರ್‌ನಲ್ಲಿ ಪ್ರವಾಸ ಹೊರಡುವ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೆ: ಮಕ್ಕಳಿಗಿಂತ ಮೊದಲು ನೀವು ಗೋಡೆಯನ್ನೊಮ್ಮೆ ಸುತ್ತಿ ಬನ್ನಿ, ಎರಡು ವಾಕ್ಯದ ಉತ್ತರ ಸಿದ್ಧವಾಗಿಟ್ಟುಕೊಳ್ಳಿ. "ಗಂಡು ಹೆಣ್ಣಿನ ಪ್ರೀತಿಯೂ ಬದುಕಿನ ಭಾಗ, ಅದಕ್ಕೇ ಶಿಲ್ಪಿ ಇಲ್ಲಿ ಕೆತ್ತಿದ್ದಾನೆ" ಎಂದು ನಾನು ಮೊಮ್ಮಗಳಿಗೆ ಹೇಳಿದೆ. "ಸರಿ ಅಜ್ಜಿ" ಎಂದವಳು ಮತ್ತೆ ಪಂಚತಂತ್ರದ ಪ್ರಾಣಿಗಳನ್ನು ಎಣಿಸಲು ಹೋದಳು.

– ನಿವೃತ್ತ ಕನ್ನಡ ಶಿಕ್ಷಕಿ, ಶಿರಾಳಕೊಪ್ಪ