ಧರೆ ಕುಸಿದಾಗ ಯಾರಿಗೆ ಫೋನ್ ಮಾಡೋದು?

ಮಾನ್ಯರೇ,

ಮೊನ್ನೆಯ ಮಳೆಗೆ ಅಂಕೋಲಾ ತಾಲ್ಲೂಕಿನ ನಮ್ಮ ಮನೆ ಹಿಂದಿನ ಧರೆ ಕುಸಿಯಿತು. ಕೊಟ್ಟಿಗೆಯೊಳಗೆ ಕೆಂಪು ರಾಡಿ ನುಗ್ಗಿತು. ಒಂದು ಕಚೇರಿಗೆ ಫೋನ್ ಮಾಡಿದರೆ "ಅದು ನಮ್ಮದಲ್ಲ" ಅಂದರು. ಇನ್ನೊಂದು ಕಡೆಯಿಂದ ಮತ್ತೊಂದು ನಂಬರ್ ಸಿಕ್ಕಿತು, ಅಷ್ಟೇ. ಅಷ್ಟರಲ್ಲಿ ಪಕ್ಕದ ಮನೆ ಹುಡುಗರು ಬಂದು ದನ ಬಿಚ್ಚಿ ಆಚೆ ಕಟ್ಟಿದ್ದರು.

2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವಿದೆ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಕಂದಾಯ, ಪೊಲೀಸ್, ಅಗ್ನಿಶಾಮಕ, ಆರೋಗ್ಯ ಇಲಾಖೆಗಳನ್ನು ಒಟ್ಟಿಗೆ ಓಡಿಸುವುದು ಅದರ ಕೆಲಸ. 1077ಕ್ಕೆ ಕರೆ ಮಾಡಿದರೆ ಜಿಲ್ಲಾ ಕಂಟ್ರೋಲ್ ರೂಮ್ ಸಿಗುತ್ತದೆ. ಆವತ್ತು ನನಗೇ ಅದು ನೆನಪಾಗಲಿಲ್ಲ ಬಿಡಿ!

2024ರ ಜುಲೈ 16ರಂದು ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದಾಗ ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ), ಸೇನೆ, ನೌಕಾಪಡೆ ಎಲ್ಲ ಬಂದವು. ಆದರೂ ಆಗ ಗಂಗಾವಳಿ ನದಿಯಲ್ಲಿ ಮುಳುಗಿದ ಲಾರಿ ಮೇಲೆ ಬರಲು ಸೆಪ್ಟೆಂಬರ್ ಆಯಿತು. ಹುಡುಕೋದು ಅಷ್ಟು ಕಷ್ಟ. ಅದಕ್ಕೇ ಮುಂಚಿನ ತಯಾರಿಗೆ ಬೆಲೆ ಜಾಸ್ತಿ, ಅಲ್ವಾ? ಪ್ರಾಧಿಕಾರ ಮಳೆಗಾಲಕ್ಕೆ ಮೊದಲೇ ಅಪಾಯದ ಧರೆಗಳನ್ನು ಗುರುತಿಸಲಿ. ಅಪಾಯ ಬಂದಾಗ ಯಾವ ಮನೆಯವರು ಆಶ್ರಯಕ್ಕೆ ಯಾವ ಶಾಲೆಗೆ ಹೋಗಬೇಕು ಅನ್ನೋದನ್ನು ಒಮ್ಮೆ ನಡೆಸಿ ತೋರಿಸಲಿ. ಪಂಚಾಯ್ತಿ ಗೋಡೆ, ಬಸ್ ನಿಲ್ದಾಣ, ಮೀನು ಮಾರ್ಕೆಟ್‌ನಲ್ಲಿ 1077 ಮತ್ತು ತುರ್ತು ಸಹಾಯದ 112 ಎಂದು ದೊಡ್ಡದಾಗಿ ಬರೆಸಲಿ.

– ಒಬ್ಬ ಓದುಗ, ಅಂಕೋಲಾ