ಒಂದು ವರ್ಷ, ಒಂದು ಡಬ್ಬಿ ತುಪ್ಪ

ದಾವಣಗೆರೆ ಬಿಟ್ಟು ಮೊನ್ನೆಗೆ ಒಂದು ವರ್ಷ ಆಯಿತು. ಹೋದ ಮೇಲೆ ನಾಲ್ಕು ಸಾಲೂ ಬರೆದಿಲ್ಲ ಅಂತ ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಸ್ತ್ರೀಯರ ಕೂಟದಲ್ಲಿ ಬೇಸರ ಇದೆಯಂತೆ. ತಪ್ಪು ನನ್ನದೇ. ಫೋನಿನಲ್ಲಿ "ಚೆನ್ನಾಗಿದ್ದೀವಿ" ಅಂದರೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲ್ಲ, ಅಲ್ವಾ? ಇವತ್ತು ಕರೆಂಟ್ ಇಲ್ಲ, ಮಕ್ಕಳು ಮಲಗಿದ್ದಾರೆ, ಮೊಬೈಲಿನಲ್ಲಿ 40 ಪರ್ಸೆಂಟ್ ಚಾರ್ಜ್ ಇದೆ. ಅಷ್ಟರಲ್ಲಿ ಬರೆದು ಮುಗಿಸುತ್ತೇನೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾವಿರುವುದು ಮಲಾವಿ ದೇಶದ ಬ್ಲಾಂಟೈರ್‌ನಲ್ಲಿ. ಆಫ್ರಿಕಾ ಸುತ್ತಿದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ ಸ್ಕಾಟ್ಲೆಂಡಿನ ಊರಿನ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. ನಮ್ಮವರು ಚರ್ಚಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾರೆ, ಭಾನುವಾರ ಹಳ್ಳಿ ಸಭೆಗಳಿಗೆ ಹೋಗುತ್ತಾರೆ. ನಾನು ಇನ್ನೂ ಭಾಷೆ ಕಲಿಯುತ್ತಿದ್ದೇನೆ.

ಆಫ್ರಿಕಾ ಅಂದರೆ ಬಿಸಿಲು ಅಂತ ಬರೀ ಕಾಟನ್ ಬಟ್ಟೆ ತುಂಬಿಕೊಂಡು ಬಂದಿದ್ದೆವು. ಜೂನ್‌ನಲ್ಲಿ ಬಂದು ಇಳಿದರೆ ಇಲ್ಲಿ ಚಳಿಗಾಲ! ಚಿಪೆರೋನಿ ಅಂತ ಒಂದು ಮಂಜುಗಾಳಿ ಬೀಸುತ್ತದೆ. ದಿನಗಟ್ಟಲೆ ಜಿನುಗುತ್ತಲೇ ಇರುತ್ತದೆ, ಒಗೆದ ಬಟ್ಟೆ ಒಣಗಲ್ಲ. ಹೊರಡುವ ದಿನ ನಮ್ಮ ಬೀದಿಯ ಅಜ್ಜಿ ಮಕ್ಕಳಿಗೆ ಎರಡು ಸ್ವೆಟರ್ ಹೆಣೆದು ತಂದಿದ್ದರು. "ಅಲ್ಲಿ ಸೆಖೆ ಅಜ್ಜಿ" ಅಂತ ನಕ್ಕಿದ್ದೆ. ಅಜ್ಜಿ, ಕ್ಷಮಿಸಿ. ಮೊದಲ ತಿಂಗಳು ಮಕ್ಕಳು ಅದನ್ನು ಮೈಮೇಲಿಂದ ತೆಗೆಯಲೇ ಇಲ್ಲ.

ಮನೆ ಕೊಡಿಸುತ್ತೇನೆ ಅಂತ ಒಬ್ಬರು ಮೂರು ತಿಂಗಳ ಬಾಡಿಗೆ ಮುಂಗಡ ಇಸಿದುಕೊಂಡು ನಾಪತ್ತೆಯಾದರು. ಆ ಕಥೆ ಬೇಡ. ಆಗ ನೀವು ಹಣ ಕೂಡಿಸಿ ಕಳಿಸಿದಿರಿ. ಯಾರು ಎಷ್ಟು ಕೊಟ್ಟರು ಅಂತ ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಆದರೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಕ್ಕ ಒಂದು ದಿನದ ಕೂಲಿ ಹಾಕಿದ್ದರಂತೆ, ಹೇಗೋ ಗೊತ್ತಾಯಿತು. ಆ ರಾತ್ರಿ ನಮ್ಮವರಿಗೆ ಊಟ ಸೇರಲಿಲ್ಲ.

ಇಲ್ಲಿ ಭಾರತದವರು ಅಂದರೆ ಅಂಗಡಿಯವರು ಅಂತಲೇ ಲೆಕ್ಕ. ಗುಜರಾತಿ ಮೂಲದ ವ್ಯಾಪಾರಿಗಳು ಎಷ್ಟೋ ಕಾಲದಿಂದ ಇದ್ದಾರೆ. ನಮ್ಮನ್ನು ನೋಡಿದವರು "ನಿಮ್ಮ ಅಂಗಡಿ ಎಲ್ಲಿ?" ಅಂತ ಕೇಳುತ್ತಿದ್ದರು. ಅಂಗಡಿ ಇಲ್ಲ, ಕಾರಿಲ್ಲ, ಸಭೆಯ ಕೆಲಸಕ್ಕೆ ಬಂದವರು ಅಂದರೆ ಒಂದು ಕ್ಷಣ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಈಗ ಕಮ್ಮಿಯಾಗಿದೆ.

ಭಾಷೆ ಚಿಚೇವಾ. ಮೊದಲ ವಾರ ಮಾರ್ಕೆಟ್ಟಿಗೆ ಹೋಗಿ, ನಮ್ಮೂರ ಸಂತೆಯಲ್ಲಿ ಕೇಳುವ ಹಾಗೆ, ಟೊಮೆಟೊ ಗುಡ್ಡೆ ತೋರಿಸಿ "ಎಷ್ಟು?" ಅಂದೆ. ಆ ಹೆಂಗಸು ರೇಟ್ ಹೇಳಲಿಲ್ಲ. "ಮುಲಿ ಬ್ವಾಂಜಿ?" ಅಂದರು. ಅಂದರೆ, ಹೇಗಿದ್ದೀರಿ. ಉತ್ತರಕ್ಕೆ ಕಾದರು. ನಾನು ಚೆನ್ನಾಗಿದ್ದೇನೆ ಅಂದು, ಅವರ ಕ್ಷೇಮ ಕೇಳಿದ ಮೇಲೇ ಟೊಮೆಟೊ ಮಾತು. ನಾಚಿಕೆಯಾಯಿತು. ಅಯ್ಯನವರು ಹೊರಡುವಾಗ ಕಿಟೆಲ್ ಕಥೆ ಹೇಳಿದ್ದರು: 1853ರಲ್ಲಿ ಜರ್ಮನಿಯಿಂದ ಬಂದು ಕನ್ನಡ ಕಲಿತು 1894ರಲ್ಲಿ ನಿಘಂಟು ತಂದವರು. ಇಲ್ಲಿಯೂ ಅಂಥ ಮಿಷನರಿಯೊಬ್ಬರಿದ್ದರು, ಡೇವಿಡ್ ಕ್ಲೆಮೆಂಟ್ ಸ್ಕಾಟ್. ಅವರ ಮಾಂಗಾಂಜಾ ನಿಘಂಟು ಬಂದದ್ದು 1892ರಲ್ಲಿ. ಮಾಂಗಾಂಜಾ ಅಂದರೆ ಚಿಚೇವಾದ್ದೇ ಒಂದು ಬಗೆ. ಅವರು ಆರ್ಕಿಟೆಕ್ಟ್ ಅಲ್ಲ, ಆದರೂ 1888ರಿಂದ 1891ರೊಳಗೆ ಇಲ್ಲಿನ ಕೆಲಸಗಾರರನ್ನೇ ಕಟ್ಟಿಕೊಂಡು ದೊಡ್ಡ ಇಟ್ಟಿಗೆ ಚರ್ಚ್ ಕಟ್ಟಿಸಿದರು. ಈಗಲೂ ಗಟ್ಟಿಯಾಗಿ ನಿಂತಿದೆ. ಕಿಟೆಲ್ಲರಿಗೂ ಸಂತೆಯಲ್ಲಿ ಯಾರಾದರೂ ಹೀಗೆ ಪಾಠ ಹೇಳಿರಬೇಕು ಅಂದುಕೊಂಡು ಸಮಾಧಾನ ಮಾಡಿಕೊಂಡೆ.

ಪಕ್ಕದ ಮನೆಯವರನ್ನು ಅಮಾಯಿ ಅಂತ ಕರೆಯುತ್ತೇವೆ. ತಾಯಿ ಅಂತ ಅರ್ಥ. ಅವರೇ ನನಗೆ ನ್ಸಿಮಾ ಮಾಡಲು ಕಲಿಸಿದ್ದು. ಮೊದಲು ಬಿಳಿ ಮೆಕ್ಕೆಜೋಳದ ಹಿಟ್ಟಿನ ತೆಳು ಗಂಜಿ ಕಾಯಿಸಬೇಕು. ಅದು ಕೊತಕೊತ ಕುದಿಯುವಾಗ ಮತ್ತೆ ಹಿಟ್ಟು ಹಾಕಿ, ಮ್ತಿಕೊ ಅನ್ನುವ ಮರದ ಕೋಲಿನಿಂದ ತೊಳಸಬೇಕು. ಕೋಲು ಹಿಡಿದ ಕೂಡಲೇ ನನ್ನ ಕೈಗೆ ಗುರುತು ಸಿಕ್ಕಿತು. ರಾಗಿ ಮುದ್ದೆ ತೊಳಸಿದ ಕೈ ಅಲ್ವಾ! ಅಮಾಯಿ ಪಾತ್ರೆ ಬಿಟ್ಟು ನನ್ನ ಕೈಯನ್ನೇ ನೋಡಿದರು, ಗಂಡನನ್ನು ಕೂಗಿ ಕರೆದು ತೋರಿಸಿದರು. ತಿನ್ನುವಾಗ ಮಾತ್ರ ಸೋತೆ. ನಾನು ಮುದ್ದೆಯ ಹಾಗೆ ನುಂಗಿದೆ. ಅವರ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವು.

ನನ್ನ ತವರು ಜಗಳೂರು ಕಡೆ. ಅಪ್ಪ ಬೆಳೆಯುವುದೂ ಮೆಕ್ಕೆಜೋಳವೇ. ದಾವಣಗೆರೆ ಎಪಿಎಂಸಿಗೆ ಹಾಕುತ್ತಾರೆ, ಅಲ್ಲಿಂದ ಕೋಳಿ ಫೀಡಿಗೋ ಸ್ಟಾರ್ಚ್ ಫ್ಯಾಕ್ಟರಿಗೋ ಹೋಗುತ್ತದೆ. ಸುಟ್ಟ ತೆನೆ ಬಿಟ್ಟರೆ ನಾವು ತಿಂದದ್ದು ಕಮ್ಮಿ. ವಿಡಿಯೋ ಕಾಲ್‌ನಲ್ಲಿ ತಟ್ಟೆ ತೋರಿಸಿದಾಗ "ಕೋಳಿ ತಿನ್ನೋದ್ನ ತಿಂತೀರೇನವ್ವಾ?" ಅಂತ ನಕ್ಕರು. ಇಲ್ಲಿ ನ್ಸಿಮಾ ಇಲ್ಲದಿದ್ದರೆ ಊಟವೇ ಅಲ್ಲ, 2024ರಲ್ಲಿ ಮಳೆ ಕೈಕೊಟ್ಟು 28 ಜಿಲ್ಲೆಗಳಲ್ಲಿ 23ರಲ್ಲಿ ವಿಪತ್ತು ಘೋಷಿಸಿದ್ದರು ಅಂತ ಹೇಳಿದೆ. ನಗು ನಿಂತಿತು. ಜಗಳೂರಿನವರಿಗೆ ಬರ ಅಂದರೆ ಬಿಡಿಸಿ ಹೇಳಬೇಕೇ? ಅವತ್ತಿನಿಂದ ಪ್ರತಿ ವಾರ ನನ್ನ ಕ್ಷೇಮಕ್ಕಿಂತ ಮೊದಲು "ಆ ಯಮ್ಮನ ಹೊಲಕ್ಕೆ ಮಳೆ ಬಂತಾ?" ಅಂತ ಕೇಳುತ್ತಾರೆ.

ಇನ್ನು ತುಪ್ಪದ ವಿಷಯ. ಫೆಬ್ರವರಿ, ಜೋರು ಮಳೆ. ರಾತ್ರಿ ಹನ್ನೊಂದಕ್ಕೆ ಮಗನ ಮೈ ಕೆಂಡವಾಗಿತ್ತು, ಗಡಗಡ ನಡುಗುತ್ತಿದ್ದ. ಕರೆಂಟ್ ಇಲ್ಲ. ಪೆಟ್ರೋಲ್ ಎಲ್ಲೂ ಸಿಗದ ವಾರ ಅದು. ಅಮಾಯಿಯ ಗಂಡ ಮರುದಿನದ ಕೆಲಸಕ್ಕೆಂದು ಕ್ಯಾನಿನಲ್ಲಿ ಇಟ್ಟುಕೊಂಡಿದ್ದ ಪೆಟ್ರೋಲನ್ನು ಪಿಕಪ್‌ಗೆ ಸುರಿದರು. ಅಮಾಯಿ ನನ್ನ ಮಗನನ್ನು ತಮ್ಮ ಚಿತೆಂಜೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು. ನನ್ನ ಕೈ ಅಷ್ಟು ನಡುಗುತ್ತಿತ್ತು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ಟೆಸ್ಟ್ ಮಾಡಿದರು. ಎರಡು ಗೆರೆ ಬಂತು. ಮಲೇರಿಯಾ.

ಮೂರು ದಿನಕ್ಕೆ ಆರು ಡೋಸ್ ಮಾತ್ರೆ. ಜಿಡ್ಡಿರುವ ಆಹಾರದ ಜೊತೆ ಕೊಡಿ, ಆಗಲೇ ಮೈಗೆ ಹತ್ತುತ್ತದೆ ಅಂದರು ನರ್ಸ್. ಮನೆಯಲ್ಲಿ ಹಾಲು ಮುಗಿದಿತ್ತು, ಅಂಗಡಿ ತೆರೆದಿಲ್ಲ. ಆಗ ನೆನಪಾಯಿತು, ಪಿ.ಜೆ. ಬಡಾವಣೆಯ ಆಂಟಿ ಕೊಟ್ಟ ಡಬ್ಬಿ. ದಾವಣಗೆರೆ ಬೆಣ್ಣೆ ಕಾಯಿಸಿ, ವೀಳ್ಯದೆಲೆ ಹಾಕಿ ಮಾಡಿದ ತುಪ್ಪ. "ಅಲ್ಲಿ ಬೆಣ್ಣೆ ದೋಸೆ ಯಾರು ಕೊಡ್ತಾರೆ ನಿಂಗೆ" ಅಂತ ಬ್ಯಾಗಿಗೆ ತುರುಕಿದ್ದರು. ಹಬ್ಬಕ್ಕೆ ಇರಲಿ ಅಂತ ಉಳಿಸಿಕೊಂಡಿದ್ದೆ. ತಳದಲ್ಲಿ ಹತ್ತು ಚಮಚ ಇತ್ತೇನೋ. ಬಿಸಿ ಗಂಜಿಗೆ ಒಂದು ಚಮಚ ಹಾಕಿ, ಒಂದು ಮಾತ್ರೆ. ಆರು ಸಲ. ಮೂರನೇ ದಿನ ಬೆಳಿಗ್ಗೆ ಅವನೇ "ಇನ್ನೊಂಚೂರು ತುಪ್ಪ" ಅಂದಾಗ ಅಡುಗೆಮನೆಯಲ್ಲೇ ಕೂತುಬಿಟ್ಟೆ.

ನಮ್ಮ ಸಭೆಯವರು ಆ ಮೂರು ರಾತ್ರಿ ಸರದಿಯಲ್ಲಿ ಪ್ರಾರ್ಥನೆ ಮಾಡಿದಿರಿ. ಆಂಟಿ ಸಭೆಯವರಲ್ಲ, ದುರ್ಗಮ್ಮನಿಗೆ ಹರಕೆ ಹೊತ್ತರಂತೆ. ಆಮೇಲೆ ಹೇಳಿದರು, ಸ್ವಲ್ಪ ಹೆದರುತ್ತಲೇ. ಹೆದರಬೇಡಿ ಆಂಟಿ. ನೀವು ನನ್ನ ಮಗನಿಗಾಗಿ ಕಣ್ಣೀರು ಹಾಕಿದ್ದು ನನಗೆ ಗೊತ್ತು.

ಉಳಿದ ತುಪ್ಪವನ್ನು ಡಬ್ಬಿ ಸಮೇತ ಅಮಾಯಿಗೆ ಕೊಟ್ಟೆ. ಹೋದ ವಾರ ಡಬ್ಬಿ ವಾಪಸ್ ಬಂತು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಖಾಲಿ ಅಲ್ಲ. ತುಂಬಾ ನಂದೋಲೊ, ಅಂದರೆ ನಮ್ಮ ತೊಗರಿ. ಇಲ್ಲಿಂದ ಭಾರತಕ್ಕೂ ಹೋಗುತ್ತದಂತೆ, ಯಾರಿಗೆ ಗೊತ್ತು, ಹಿಂದೆ ನಿಮ್ಮ ಮನೆಯ ಸಾರಿಗೂ ಬಿದ್ದಿರಬಹುದು.

ಡಿಸೆಂಬರ್‌ಗೆ ರಜೆಯ ಮೇಲೆ ಬರುತ್ತೇವೆ. ಡಬ್ಬಿ ತರುತ್ತೇನೆ ಆಂಟಿ. ತೊಗರಿ ಬೇಯಲು ಸ್ವಲ್ಪ ಹೊತ್ತು ಜಾಸ್ತಿ ಬೇಕು, ರಾತ್ರಿಯೇ ನೆನೆಹಾಕಿ.