ಹಿಮಯುಗ ದಾಟದವರನ್ನೂ ಲೆಕ್ಕಕ್ಕೆ ತಗೋ

ಚಿ. ಪ್ರಣವನಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಭಾಷಣದ ಕರಡು ಓದಿದೆ. ಚರ್ಚಾಸ್ಪರ್ಧೆಗೆ ಅಂತ ಇಷ್ಟೆಲ್ಲ ಓದಿಕೊಂಡಿದ್ದೀಯಲ್ಲ, ತುಂಬಾ ಸಂತೋಷವಾಯಿತು. ಭಾಷೆಯೂ ಚೆನ್ನಾಗಿದೆ. ಆದರೆ ಒಂದು ಕಡೆ ನಿಂತುಬಿಟ್ಟೆ. "ಹವಾಮಾನ ಲಕ್ಷಾಂತರ ವರ್ಷಗಳಿಂದ ಬದಲಾಗುತ್ತಲೇ ಇದೆ. ಮನುಷ್ಯ ಪ್ರತಿ ಸಲವೂ ಹೊಂದಿಕೊಂಡು ಗೆದ್ದಿದ್ದಾನೆ. ಈ ಸಲವೂ ಗೆಲ್ಲುತ್ತಾನೆ" ಅಂತ ಬರೆದಿದ್ದೀಯ. ಮೊದಲ ಮಾತು ಪೂರ್ತಿ ನಿಜ. ಎರಡನೆಯದು ಅರ್ಧ ನಿಜ. ಮೂರನೆಯದು ಆ ಅರ್ಧದ ಮೇಲೆ ಕಟ್ಟಿದ್ದು. ವರ್ಷಗಟ್ಟಲೆ ಭೂಗೋಳ ಪಾಠ ಮಾಡಿದವಳಿಗೆ ಇದನ್ನು ಓದಿ ಸುಮ್ಮನಿರೋಕೆ ಆಗಲಿಲ್ಲ.

ಮೊದಲು ನಿಜವಾದ ಭಾಗ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಸುಮಾರು 1,00,000 ವರ್ಷಕ್ಕೊಮ್ಮೆ ಹೆಚ್ಚು ಅಂಡಾಕಾರವಾಗಿ ಮತ್ತೆ ದುಂಡಗಾಗುತ್ತದೆ. ಅದರ ಅಕ್ಷದ ಓರೆ 41,000 ವರ್ಷಕ್ಕೊಮ್ಮೆ ಸ್ವಲ್ಪ ಹೆಚ್ಚಿ ಕಡಿಮೆಯಾಗುತ್ತದೆ. ಜೊತೆಗೆ ಬುಗುರಿ ನಿಧಾನವಾದಾಗ ತಲೆ ತೂಗುವಂತೆ ಅಕ್ಷವೂ ತೂಗುತ್ತದೆ. ಅದರ ಪರಿಣಾಮ ಸುಮಾರು 23,000 ವರ್ಷಕ್ಕೊಮ್ಮೆ ಕಾಣುತ್ತದೆ. ಇವು ಕೂಡಿದಾಗ ಯಾವ ಋತುವಿನಲ್ಲಿ ಎಲ್ಲಿಗೆ ಎಷ್ಟು ಬಿಸಿಲು ಅನ್ನೋದು ಬದಲಾಗುತ್ತದೆ, ಹಿಮಯುಗಗಳು ಬಂದು ಹೋಗುವ ತಾಳವೂ ಅದೇ. ಸೆರ್ಬಿಯಾದ ಮಿಲುಟಿನ್ ಮಿಲಾಂಕೋವಿಚ್ ಇದನ್ನೆಲ್ಲ ಕೈಲೆಕ್ಕದಲ್ಲೇ ಕೂಡಿಸಿದ. ಅವನು ಬದುಕಿದ್ದಾಗ ಹೆಚ್ಚು ಜನ ನಂಬಲಿಲ್ಲ. 1976ರಲ್ಲಿ ಹೇಸ್, ಇಂಬ್ರಿ, ಶಾಕಲ್ಟನ್ ಎಂಬ ಮೂವರು ವಿಜ್ಞಾನಿಗಳು ಸಮುದ್ರದ ತಳದ ಕೆಸರಿನಲ್ಲಿದ್ದ ಸಣ್ಣ ಸಣ್ಣ ಚಿಪ್ಪುಗಳನ್ನು ಪರೀಕ್ಷಿಸಿದರು. ಹಳೆಯ ಹವೆಯ ಗುರುತು ಉಳಿಸಿಕೊಂಡ ಆ ಚಿಪ್ಪುಗಳಲ್ಲೂ ಅದೇ ತಾಳ ಸಿಕ್ಕಿತು. ಈಗ ಅಂಟಾರ್ಕ್ಟಿಕಾದ ಹಿಮ ಕೊರೆದು 8 ಲಕ್ಷ ವರ್ಷ ಹಿಂದಿನ ಗಾಳಿಯನ್ನೇ ಅಳೆದಿದ್ದಾರೆ.

ಮನುಷ್ಯ ರೂಪುಗೊಂಡಿದ್ದು ಈ ಏರಿಳಿತದ ಒಳಗೆ. "ಆಫ್ರಿಕಾದ ಕಾಡು ಒಣಗಿತು, ವಾನರ ಮರ ಇಳಿದು ಎರಡು ಕಾಲಲ್ಲಿ ನಿಂತಿತು" ಅಂತ ನೀನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀಯ. ನಾವೂ ಶಾಲೆಯಲ್ಲಿ ಹಾಗೇ ಕಲಿತೆವು. ಆದರೆ ಇಥಿಯೋಪಿಯಾದ ಅರಾಮಿಸ್‌ನಲ್ಲಿ ಅಸ್ಥಿಪಂಜರ ಸಿಕ್ಕ ಆರ್ಡಿ ಎಂಬ ಪೂರ್ವಮಾನವ ಹೆಣ್ಣು 44 ಲಕ್ಷ ವರ್ಷ ಹಳೆಯವಳು. ಅವಳು ಎರಡು ಕಾಲಲ್ಲಿ ನಡೆಯಬಲ್ಲವಳಾಗಿದ್ದಳು, ಮರವನ್ನೂ ಹತ್ತುತ್ತಿದ್ದಳು. ಅವಳು ಇದ್ದಿದ್ದು ಮರಗಳಿದ್ದ ಜಾಗದಲ್ಲಿ ಅಂತ ಅವಳನ್ನು ಅಗೆದು ತೆಗೆದವರೇ ಹೇಳುತ್ತಾರೆ. ಅಂದರೆ ಹುಲ್ಲುಗಾವಲು ಹರಡುವ ಮೊದಲೇ ನಡಿಗೆ ಶುರುವಾಗಿತ್ತು. ಆ ವಾಕ್ಯ ತೆಗೆದುಬಿಡು. ಎದುರಿನವರಲ್ಲಿ ಓದಿಕೊಂಡವರಿದ್ದರೆ ಅಲ್ಲೇ ಹಿಡಿಯುತ್ತಾರೆ.

ಅದರ ಬದಲು ಕೀನ್ಯಾದ ಒಲೊರ್ಗೆಸೈಲಿ ಬಗ್ಗೆ ಹೇಳು. ನನ್ನ ಪ್ರಕಾರ ಇಡೀ ವಿಷಯ ಅಲ್ಲಿ ಸಿಗುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ರಿಕ್ ಪಾಟ್ಸ್ ಮತ್ತು ಕೀನ್ಯಾದ ಸಂಗಡಿಗರು ದಶಕಗಟ್ಟಲೆ ಅಲ್ಲಿ ಅಗೆದಿದ್ದಾರೆ. ಸುಮಾರು 12 ಲಕ್ಷ ವರ್ಷದಿಂದ 5 ಲಕ್ಷ ವರ್ಷದ ಹಿಂದಿನವರೆಗೆ ಅಲ್ಲಿದ್ದವರು ಒಂದೇ ಬಗೆಯ ಉಪಕರಣ ಮಾಡಿದರು: ದೊಡ್ಡ ಕಲ್ಲಿನ ಕೈಕೊಡಲಿ. 7 ಲಕ್ಷ ವರ್ಷ, ಯೋಚನೆ ಮಾಡು! ಕಲ್ಲನ್ನೂ ಹೆಚ್ಚಾಗಿ ಐದು ಕಿಲೋಮೀಟರ್ ಒಳಗಿಂದಲೇ ತರುತ್ತಿದ್ದರು. ಆಮೇಲೆ ಸವೆತದಿಂದಾಗಿ ಮಣ್ಣಿನ ದಾಖಲೆಯಲ್ಲಿ ಒಂದು ಅಂತರ ಬರುತ್ತದೆ. 3,20,000 ವರ್ಷದ ಹಿಂದಿನ ಪದರಕ್ಕೆ ಬಂದರೆ ಎಲ್ಲವೂ ಬೇರೆ. ಭಾರಿ ಗಾತ್ರದ ಹುಲ್ಲು ಮೇಯುವ ಪ್ರಾಣಿಗಳು ಬಹುಪಾಲು ಹೋಗಿಬಿಟ್ಟಿವೆ, ಚಿಕ್ಕ ದೇಹದವು ಬಂದಿವೆ. ಕೈಕೊಡಲಿ ಇಲ್ಲ. ನಾಜೂಕಾದ ಸಣ್ಣ ಚಕ್ಕೆಗಳು, ಹಿಡಿಗೆ ಸಿಕ್ಕಿಸುವ ಮೊನೆಗಳು ಇವೆ. ಕೆಂಪು ಮತ್ತು ಕಪ್ಪು ಬಣ್ಣದ ಕಲ್ಲುಗಳೂ ಇವೆ. ಆಬ್ಸಿಡಿಯನ್ ಎಂಬ ಜ್ವಾಲಾಮುಖಿಯ ಗಾಜುಗಲ್ಲು 25ರಿಂದ 50 ಕಿಲೋಮೀಟರ್, ಕೆಲವು ಸಲ 90 ಕಿಲೋಮೀಟರ್‌ಗಿಂತ ಆಚೆಯಿಂದ ಬಂದಿದೆ. ಇದು ಪ್ರಕಟವಾಗಿದ್ದು 2018ರಲ್ಲಿ.

ಹತ್ತಿರದ ಕೂರಾ ಜಲಾನಯನದಲ್ಲಿ 139 ಮೀಟರ್ ಆಳಕ್ಕೆ ಕೊರೆದು ಮಣ್ಣು ತೆಗೆದಾಗ ಕಾರಣವೂ ಕಂಡಿತು. ಸುಮಾರು 4 ಲಕ್ಷ ವರ್ಷದ ಹಿಂದಿನಿಂದ ಆ ನೆಲದ ನೆಮ್ಮದಿ ಹೋಗಿತ್ತು. ಭೂಮಿ ಬಿರುಕು ಬಿಟ್ಟು ದೊಡ್ಡ ಕೆರೆಗಳು ಚಿಕ್ಕದಾದವು. ಒಮ್ಮೆ ಹುಲ್ಲು, ಒಮ್ಮೆ ಪೊದೆ. ಒಮ್ಮೆ ನೀರು, ಒಮ್ಮೆ ಬರ. ಪಾಟ್ಸ್ ಹೇಳುವುದು ಇಷ್ಟೇ: ಬರಿ ಒಣ ಹವೆಗೋ ಬರಿ ಚಳಿಗೋ ಒಗ್ಗಿಕೊಂಡ ಜೀವಿಗಿಂತ ಪದೇ ಪದೇ ಬದಲಾಗುವ ಹವೆಯಲ್ಲಿ ಬೇರೆ ಬೇರೆ ರೀತಿ ಬದುಕಬಲ್ಲ ಜೀವಿ ಉಳಿಯಿತು. ನನಗೆ ಇದು ಒಪ್ಪಿಗೆಯಾಗುತ್ತದೆ. ಆದರೆ ಆ ಆಬ್ಸಿಡಿಯನ್ ಚೂರುಗಳನ್ನು ಇನ್ನೂ ಸ್ವಲ್ಪ ಹೊತ್ತು ನೋಡು ಮಗಾ. ಅಷ್ಟು ದೂರದ ಕಲ್ಲು ಕೈಗೆ ಬರಬೇಕಾದರೆ ಒಂದೋ ನೀನೇ ಹೋಗಿ ತರಬೇಕು, ಇಲ್ಲವೇ ಅಲ್ಲಿ ನಿನ್ನವರು ಅಂತ ಯಾರಾದರೂ ಇರಬೇಕು. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಆ ಕಡೆಯವರ ಹತ್ತಿರ ಹೋಗುವ ದಾರಿ ಅದು.

ಇನ್ನು ನಿನ್ನ "ಪ್ರತಿ ಸಲವೂ ಗೆದ್ದಿದ್ದಾನೆ" ಎಂಬ ಮಾತು. ಯಾರು ಗೆದ್ದಿದ್ದು? ಪೂರ್ವ ಆಫ್ರಿಕಾದಲ್ಲಿ ನಮ್ಮ ಪೂರ್ವಜರ ಪಕ್ಕದಲ್ಲೇ ಪರಾಂತ್ರೊಪಸ್ ಬೋಯ್ಸಿ ಎಂಬ ಇನ್ನೊಂದು ಬಳಗ ಬದುಕಿತ್ತು. ದವಡೆ ಹಲ್ಲುಗಳು ನಮ್ಮದಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಹಲ್ಲಿನ ರಾಸಾಯನಿಕ ಗುರುತು ನೋಡಿದರೆ ಹೆಚ್ಚಾಗಿ ಹುಲ್ಲು, ಜೊಂಡು ತಿನ್ನುತ್ತಿತ್ತು. ಒಣಗುತ್ತಿದ್ದ ಆಫ್ರಿಕಾಕ್ಕೆ ಅದರಷ್ಟು ಚೆನ್ನಾಗಿ ಹೊಂದಿಕೊಂಡವರು ಇನ್ನೊಬ್ಬರಿಲ್ಲ ಅನ್ನಬೇಕು. 10 ಲಕ್ಷ ವರ್ಷ ಬದುಕಿತು. ಆಮೇಲೆ ಇಲ್ಲವಾಯಿತು. ಹೊಂದಿಕೊಳ್ಳುವುದು ಅಂದರೆ ಉಳಿಯುವುದು ಅಂತ ಅರ್ಥ ಅಲ್ಲ, ನೋಡು.

60,000 ವರ್ಷದ ಹಿಂದೆ ಭೂಮಿಯ ಮೇಲೆ ನಾವೊಬ್ಬರೇ ಮನುಷ್ಯರಾಗಿರಲಿಲ್ಲ. ಯುರೋಪು, ಪಶ್ಚಿಮ ಏಷ್ಯಾಗಳಲ್ಲಿ ನಿಯಾಂಡರ್ತಲರಿದ್ದರು. ಏಷ್ಯಾದಲ್ಲಿ ಡೆನಿಸೋವರಿದ್ದರು. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಮೂರೂವರೆ ಅಡಿ ಎತ್ತರದ ಜನರಿದ್ದರು. ನಿಯಾಂಡರ್ತಲರು ಎಷ್ಟೋ ಹಿಮಯುಗಗಳನ್ನು ದಾಟಿ ಬಂದವರು. ಗಟ್ಟಿ ಮೈ, ದೊಡ್ಡ ಮಿದುಳು, ಬೆಂಕಿ, ಒಳ್ಳೆಯ ಉಪಕರಣ ಎಲ್ಲ ಇತ್ತು. ಸುಮಾರು 40,000 ವರ್ಷದ ಹಿಂದೆ ಅವರೂ ಹೋದರು. ಅವರ ಡಿಎನ್‌ಎ ನಮ್ಮಲ್ಲಿ ಶೇಕಡಾ 2ರಷ್ಟು ಇದೆ, ನಿನ್ನಲ್ಲೂ ಇದೆ, ನನ್ನಲ್ಲೂ ಇದೆ. ಅವರು ಹೋಗಲು ಚಳಿ ಒಂದೇ ಕಾರಣ ಅಂತ ಯಾರೂ ಹೇಳುವುದಿಲ್ಲ. ನಾವು ಬಂದಿದ್ದೂ ಒಂದು ಕಾರಣ ಇರಬಹುದು.

ಆದರೆ ಎರಡು ಡಿಎನ್‌ಎ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡು ಅಂತ ನನ್ನ ಆಸೆ. ಸೈಬೀರಿಯಾದ ಆಲ್ಟಾಯ್ ಬೆಟ್ಟದ ಡೆನಿಸೋವ ಗುಹೆಯಲ್ಲಿ ಒಬ್ಬ ನಿಯಾಂಡರ್ತಲ್ ಹೆಂಗಸಿನ ಕಾಲ್ಬೆರಳ ಮೂಳೆ ಸಿಕ್ಕಿತು. ಅವಳ ತಂದೆ ತಾಯಿ ಹತ್ತಿರದ ರಕ್ತಸಂಬಂಧಿಗಳು. ಒಂದೇ ತಾಯಿಯ ಅಥವಾ ಒಂದೇ ತಂದೆಯ ಮಕ್ಕಳಷ್ಟು ಹತ್ತಿರ. ಜೋಡಿಯಾಗಲು ಸುತ್ತಮುತ್ತ ಬೇರೆಯವರೇ ಇರಲಿಲ್ಲವೇನೋ. ಇನ್ನೊಂದು ರಷ್ಯಾದ ಸುಂಗಿರ್. ಸುಮಾರು 34,000 ವರ್ಷದ ಹಿಂದೆ ಅಲ್ಲಿ ನಮ್ಮಂಥ ಮನುಷ್ಯರು ಇಬ್ಬರು ಮಕ್ಕಳನ್ನು ತಲೆಗೆ ತಲೆ ತಾಗುವಂತೆ ಮಲಗಿಸಿ, ಮ್ಯಾಮತ್ ಎಂಬ ಹಿಮಯುಗದ ಆನೆಯ ದಂತದ ಸಾವಿರಾರು ಮಣಿಗಳನ್ನಿಟ್ಟು ಹೂಳಿದರು. ಅಲ್ಲಿ ಸಿಕ್ಕವರ ಡಿಎನ್‌ಎ 2017ರಲ್ಲಿ ಓದಿದಾಗ, ಒಟ್ಟಿಗೇ ಇದ್ದ ಆ ಚಿಕ್ಕ ಗುಂಪಿನವರು ಪರಸ್ಪರ ಹತ್ತಿರದ ರಕ್ತಸಂಬಂಧಿಗಳಲ್ಲ ಅಂತ ಗೊತ್ತಾಯಿತು. ಹೆಣ್ಣು ಗಂಡು ತರುವುದಕ್ಕೆ ಅವರಿಗೆ ದೂರದ ನೆಂಟರಿದ್ದರು. ಎಲ್ಲ ನಿಯಾಂಡರ್ತಲರೂ ಆಲ್ಟಾಯ್ ಹೆಂಗಸಿನಂತೆ ಇದ್ದರು ಅಂತ ಹೇಳಬೇಡ, ಅದು ತಪ್ಪಾಗುತ್ತದೆ. ಆದರೂ ಈ ಎರಡು ಗುಂಪುಗಳಲ್ಲಿ ಯಾವುದು ಕೆಟ್ಟ ಕಾಲ ತಡೆದೀತು ಅಂತ ನೀನೇ ಹೇಳು.

ನಮ್ಮವರೂ ಸುಲಭವಾಗಿ ದಾಟಿ ಬಂದಿಲ್ಲ. ಮಲಾವಿ ಸರೋವರದ ಕೆಸರು ಹೇಳುವಂತೆ, 1,35,000 ವರ್ಷದಿಂದ 75,000 ವರ್ಷದ ಹಿಂದಿನವರೆಗೆ ಪೂರ್ವ ಆಫ್ರಿಕಾದಲ್ಲಿ ಭೀಕರ ಬರಗಳು ಮತ್ತೆ ಮತ್ತೆ ಬಂದವು. ಆ ಸರೋವರದ ನೀರು ಒಂದು ಹಂತದಲ್ಲಿ 600 ಮೀಟರ್ ಇಳಿದಿತ್ತು. ದಕ್ಷಿಣ ಆಫ್ರಿಕಾದ ಪಿನಾಕಲ್ ಪಾಯಿಂಟ್ ಗುಹೆಯಲ್ಲಿ 1,64,000 ವರ್ಷದ ಹಿಂದೆಯೇ ಜನ ಸಮುದ್ರದ ಚಿಪ್ಪುಮೀನು ತಿಂದು ಬದುಕಿದ್ದಾರೆ. ಅದು ಕಡು ಹಿಮಯುಗದ ಕಾಲ.

ಕೊನೆಯ ಹಿಮಯುಗ ತೀರಾ ಗಟ್ಟಿಯಾಗಿದ್ದು ಸುಮಾರು 21,000 ವರ್ಷದ ಹಿಂದೆ. ಸಮುದ್ರ ಈಗಿನದಕ್ಕಿಂತ 120 ಮೀಟರ್ ಕೆಳಗಿತ್ತು. ಭಾರತ ಮತ್ತು ಶ್ರೀಲಂಕಾ ನಡುವೆ ನಡೆದೇ ಹೋಗಬಹುದಿತ್ತು. ನಮ್ಮಲ್ಲಿ ಹಿಮ ಹಾಸಿರಲಿಲ್ಲ, ಆದರೆ ಮುಂಗಾರು ಸೊರಗಿತ್ತು. ಆಗಿನವರು ಅಂದರೆ ಗುಹೆಯಲ್ಲಿ ನಡುಗುತ್ತಾ ಕೂತ ಒರಟರು ಅಂತ ದಯವಿಟ್ಟು ಚಿತ್ರ ಕೊಡಬೇಡ. ಸೈಬೀರಿಯಾದಲ್ಲಿ ಸಿಕ್ಕ ಕಣ್ಣಿರುವ ಮೂಳೆ ಸೂಜಿಗಳಿಗೆ ಸುಮಾರು 40,000 ವರ್ಷ. ಮೈಗೆ ಅಂಟಿ ಕೂರುವಂತೆ ತೊಗಲು ಹೊಲಿಯದೆ ಆ ಚಳಿಯಲ್ಲಿ ಮಗು ಉಳಿಯುತ್ತಿರಲಿಲ್ಲ. ಹಿಮಯುಗವನ್ನು ಭರ್ಜಿಯಷ್ಟೇ ಸೂಜಿಯೂ ದಾಟಿಸಿತು ಅಂತ ನಾನು ನಂಬುತ್ತೇನೆ. ಉಕ್ರೇನಿನ ಮೆಝಿರಿಚ್‌ನಲ್ಲಿ 1965ರಲ್ಲಿ ಒಬ್ಬ ರೈತ ನೆಲಮಾಳಿಗೆ ಅಗೆಯುವಾಗ ಮ್ಯಾಮತ್ ದವಡೆ ಸಿಕ್ಕಿತು. ಅಗೆಯುತ್ತಾ ಹೋದರೆ ಹತ್ತಾರು ದವಡೆಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ ಮನೆ! ಮರ ಇಲ್ಲದ ಬಯಲಲ್ಲಿ ಮೂಳೆಯೇ ಕಂಬ, ಮೂಳೆಯೇ ಗೋಡೆ.

ಇಸ್ರೇಲಿನ ಗಲಿಲಿ ಸರೋವರದ ಒಹಾಲೊದಲ್ಲಿ 1989ರಲ್ಲಿ ನೀರು ಇಳಿದಾಗ 23,000 ವರ್ಷ ಹಳೆಯ ಗುಡಿಸಲುಗಳು ಕಂಡವು. ಸುಟ್ಟು ನೀರಡಿ ಸೇರಿದ್ದರಿಂದ ಕಾಳುಗಳು ಹಾಗೇ ಉಳಿದಿದ್ದವು. ಕಾಡು ಬಾರ್ಲಿ, ಕಾಡು ಗೋಧಿ, ಮೀನು, ಹಕ್ಕಿ, ಹಣ್ಣು. ಬಾರ್ಲಿ ಅರೆದ ಕಲ್ಲೂ ಇದೆ. ಬೇಸಾಯ ಹುಟ್ಟುವುದಕ್ಕೆ 11,000 ವರ್ಷಕ್ಕೂ ಮೊದಲು! ಬೀಜ ಬಿತ್ತುವ ಬುದ್ಧಿ ಇರಲಿಲ್ಲ ಅಂತಲ್ಲ. ಬಿತ್ತಿದರೆ ಮುಂದಿನ ವರ್ಷ, ಅದರ ಮುಂದಿನ ವರ್ಷ ಮಳೆ ಹೀಗೇ ಬರುತ್ತದೆ ಅನ್ನುವ ಭರವಸೆ ಆ ಹವೆಯಲ್ಲಿ ಇರಲಿಲ್ಲ ಅಂತ ವಾದಿಸುವವರಿದ್ದಾರೆ. ನನಗೆ ಅದು ಸರಿ ಅನ್ನಿಸುತ್ತದೆ. ಆ ಭರವಸೆ ಸಿಕ್ಕಿದ್ದು 11,700 ವರ್ಷದ ಹಿಂದೆ, ಹವೆ ಬೆಚ್ಚಗಾಗಿ ಒಂದು ಮಟ್ಟಕ್ಕೆ ನಿಂತಾಗ. ನಮ್ಮ ಊರು, ಹೊಲ, ಕೆರೆ, ಬರಹ, ರಾಜ್ಯ ಎಲ್ಲ ಬಂದಿದ್ದು ಆಮೇಲೆ.

ನಿನ್ನ ಮೂರನೆಯ ಮಾತು ಸೋಲುವುದು ಇಲ್ಲೇ. ಹಿಮಯುಗದಲ್ಲಿ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 180ರಿಂದ 190 ಭಾಗ ಇತ್ತು. ಕಾರ್ಖಾನೆಗಳ ಕಾಲಕ್ಕೆ ಮೊದಲು 280. ಆ ಏರಿಕೆಗೆ ಸಾವಿರಾರು ವರ್ಷ ಹಿಡಿಯಿತು. ಈಗ 420 ದಾಟಿದೆ, ಇನ್ನೂರು ಚಿಲ್ಲರೆ ವರ್ಷಗಳಲ್ಲಿ. ಹಿಮಯುಗದ ಕೊನೆಯಲ್ಲಿ ಗ್ರೀನ್‌ಲ್ಯಾಂಡ್ ಕೆಲವೇ ದಶಕಗಳಲ್ಲಿ 10 ಡಿಗ್ರಿಯಷ್ಟು ಬಿಸಿಯಾಗಿತ್ತು ಅಂತ ಎದುರಿನವರು ಹೇಳಬಹುದು. ಅದೂ ನಿಜ, ಮುಚ್ಚಿಡಬೇಡ. ಅದು ಉತ್ತರ ಅಟ್ಲಾಂಟಿಕ್ ಸುತ್ತಲಿನ ಬದಲಾವಣೆ, ಇಡೀ ಭೂಮಿಯ ಸರಾಸರಿ ಅಷ್ಟು ಏರಲಿಲ್ಲ ಅಂತ ಉತ್ತರ ಕೊಡು. ಆಮೇಲೆ ಕೇಳು: ಆಗ ಇಡೀ ಭೂಮಿಯ ಜನ ಎಷ್ಟು? ಇಂದಿನ ಬೆಂಗಳೂರಿಗಿಂತ ಕಡಿಮೆ ಅಂತ ಅಂದಾಜು. ಬರ ಬಂದರೆ ಗಂಟು ಕಟ್ಟಿ ನಡೆಯುತ್ತಿದ್ದರು. ಈಗ 800 ಕೋಟಿ ಜನ. ಗಡಿ ಇದೆ, ಪಟ್ಟಾ ಇದೆ, ಕಡಲ ದಂಡೆಯಲ್ಲಿ ಕೋಟಿಗಟ್ಟಲೆ ಮನೆಗಳಿವೆ. ಬಾಂಗ್ಲಾದೇಶದ ಮುಖಜಭೂಮಿಯ ರೈತ ಎಲ್ಲಿಗೆ ನಡೆಯಬೇಕು? ದೂರದ ನೆಂಟರಂತೆ ಅವನನ್ನು ಯಾರು ಕರೆಯುತ್ತಾರೆ? ಈ ಪ್ರಶ್ನೆ ಕೇಳಿದರೆ ನಿನ್ನ ಭಾಷಣಕ್ಕೆ ನಿಜವಾದ ತೂಕ ಬರುತ್ತದೆ. ಪಕ್ಷ ಬದಲಿಸು ಅಂತ ನಾನು ಹೇಳುತ್ತಿಲ್ಲ. ಯಾವ ಪಕ್ಷದಲ್ಲಿ ನಿಂತರೂ ಸತ್ತವರನ್ನು ಲೆಕ್ಕದಿಂದ ಬಿಡಬೇಡ.

ನಮ್ಮ ಹತ್ತಿರದ ಉದಾಹರಣೆ ಬೇಕಾದರೆ ಜ್ವಾಲಾಪುರಂ ತಗೋ. 74,000 ವರ್ಷದ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಬೂದಿ ಆಂಧ್ರದ ಕರ್ನೂಲು ಸೀಮೆಯವರೆಗೆ ಬಂದು ಬಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಆ ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಉಪಕರಣಗಳನ್ನು ಕಂಡಿತು. 2007ರಲ್ಲಿ ಪ್ರಕಟಿಸಿದರು. ಅಲ್ಲಿದ್ದವರು ಯಾವ ಮನುಷ್ಯರು ಅನ್ನುವ ಚರ್ಚೆ ಇನ್ನೂ ಇದೆ. ಯಾರಾದರೂ ಆಗಲಿ, ಅಲ್ಲಿ ಬದುಕು ಮುಂದುವರಿಯಿತು. ಇದು ನಿನ್ನ ಪಕ್ಷಕ್ಕೆ ಅನುಕೂಲವಾದ ಸಾಕ್ಷಿ, ಧಾರಾಳವಾಗಿ ಬಳಸು.

ರಜೆಯಲ್ಲಿ ಬಂದರೆ ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರದ ಇಸಾಂಪುರಕ್ಕೆ ಹೋಗೋಣ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಲ್ಲಿ ಸುಣ್ಣಕಲ್ಲಿನ ಕೈಕೊಡಲಿ ಮಾಡುತ್ತಿದ್ದ ಜಾಗವನ್ನೇ ಅಗೆದು ತೋರಿಸಿದ್ದಾರೆ. ಸುಮಾರು 12 ಲಕ್ಷ ವರ್ಷ ಹಳೆಯದು ಅನ್ನುತ್ತಾರೆ. ಒಂದು ಮಾತು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಅಲ್ಲಿ ಕಲ್ಲಿನ ಚಕ್ಕೆ ಕಂಡರೆ ನೋಡು, ಬೇಕಾದರೆ ಫೋಟೋ ತಗೋ, ಜೇಬಿಗೆ ಹಾಕಿಕೊಳ್ಳಬೇಡ. ಬಿದ್ದ ಜಾಗದಿಂದ ಎತ್ತಿದ ಕಲ್ಲು ಆಮೇಲೆ ಏನನ್ನೂ ಹೇಳುವುದಿಲ್ಲ.

ತಿದ್ದಿದ ಕರಡನ್ನು ಸ್ಪರ್ಧೆಗೆ ಮೊದಲು ಕಳಿಸು, ಓದುತ್ತೇನೆ. ಅಮ್ಮ ಅಪ್ಪನಿಗೆ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ದೊಡ್ಡಮ್ಮ